ನಮ್ಮ ಹುಡುಗಿಯರಿಗೆ ರಿಂಕ್‌ನಲ್ಲಿ ಎರಡು ಸಂಜೆ ಬರೆದುಕೊಡಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಆಟದ ಮೈದಾನ, ರಿಂಕ್, ಟರ್ಫ್‌ಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ ಮತ್ತು ದಸರಾ ಕ್ರೀಡಾಕೂಟ ನಡೆಸುವ ಸಮಿತಿಯವರಿಗೆ,

ಮಾನ್ಯರೇ,

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ತವರು ಮಂಡ್ಯದ ಕಡೆ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ವಾರದಲ್ಲಿ ಎರಡು ಸಂಜೆ, ಐದರಿಂದ ಆರೂವರೆ, ಒಂದು ಸ್ಕೇಟಿಂಗ್ ರಿಂಕ್ ಹುಡುಗಿಯರಿಗೆ ಮಾತ್ರ ಬೇಕು. ಅವರು ಅಲ್ಲಿ ಗಾಲಿಯ ಸ್ಕೇಟ್ ಕಟ್ಟಿಕೊಂಡು, ಕೈಯಲ್ಲಿ ಸ್ಟಿಕ್ ಹಿಡಿದು, ಪಕ್ ಎಂಬ ಚಪ್ಪಟೆ ಬಿಲ್ಲೆ ಹೊಡೆಯುವ ಆಟ ಆಡುತ್ತಾರೆ. ಇನ್‌ಲೈನ್ ಹಾಕಿ ಅಂತಾರೆ. ಒಂದೊಂದು ತಂಡಕ್ಕೆ ನಾಲ್ಕು ಜನ, ಜೊತೆಗೆ ಗೋಲು ಕಾಯಲು ಒಬ್ಬ ಗೋಲಿ. ಐಸ್ ಹಾಕಿಯನ್ನು ಸಿಮೆಂಟ್ ನೆಲಕ್ಕೆ ಇಳಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಬಾಯಿಮಾತಿನ ಒಪ್ಪಿಗೆ ನಮಗೆ ಸಾಲದು. ಕಾಗದದ ಮೇಲೆ ಬೇಕು, ರಿಂಕ್‌ನ ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಬೇಕು.

ಯಾಕೆ ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದೇನೆ ಅಂತ ಹೇಳಬೇಕು. ಬಾಯಿಮಾತಿನಲ್ಲಿ ನಮಗೆ ಹೊತ್ತು ಸಿಕ್ಕಿತ್ತು. ಯಾವ ರಿಂಕ್, ಯಾರು ಕೊಟ್ಟರು ಅನ್ನುವುದು ಇಲ್ಲಿ ಬೇಡ. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆದಿಲ್ಲ. ಪರೀಕ್ಷೆ ಬಂತು, ಆಮೇಲೆ ಹುಡುಗರ ಟೂರ್ನಿ ಬಂತು, ಆಮೇಲೆ ಬೇಸಿಗೆ ಶಿಬಿರ ಬಂತು. ಪ್ರತಿ ಸಲವೂ ಮೊದಲು ಹೋಗಿದ್ದು ಹುಡುಗಿಯರ ಹೊತ್ತು. ಒಂದು ದಿನ ಹೋಗಿ ನೋಡಿದರೆ ನಮ್ಮ ಬ್ಯಾಚ್ ಅನ್ನುವುದೇ ಇರಲಿಲ್ಲ. ಯಾರೂ ಬೇಕಂತ ತೆಗೆದಿರಲಿಲ್ಲ. ಎಲ್ಲೂ ಬರೆದಿಲ್ಲದ್ದನ್ನು ತೆಗೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ ಅಲ್ವಾ?

ಅದಾದ ಮೇಲೆ ನಾನು ಬೇರೆ ಕಡೆ ಹೇಗಾಯಿತು ಅಂತ ಓದತೊಡಗಿದೆ. ಹೆಂಗಸರ ಐಸ್ ಹಾಕಿಯ ಕಥೆಯನ್ನು ಹುಡುಕಿ ಹುಡುಕಿ ಓದಿದೆ. ನಮ್ಮೂರಲ್ಲಿ ಐಸ್ ಎಲ್ಲಿದೆ ಅಂತ ನೀವು ಕೇಳಬಹುದು. ಐಸ್ ಇರುವ ಊರುಗಳಲ್ಲೇ ಹೆಂಗಸರಿಗೆ ಐಸ್ ಸಿಗಲಿಲ್ಲ ಅನ್ನುವುದೇ ಆ ಕಥೆ. ನೂರಮೂವತ್ತು ವರ್ಷಕ್ಕಿಂತ ಹಳೆಯ ಆಟ ಅದು. ಆಡುವ ಹೆಂಗಸರು ಎಲ್ಲ ಕಾಲದಲ್ಲೂ ಇದ್ದರು. ಅವರಿಗೆ ರಿಂಕ್ ಸಿಕ್ಕ ವರ್ಷಗಳಲ್ಲಿ ಆಟ ಬೆಳೆಯಿತು, ಸಿಗದ ವರ್ಷಗಳಲ್ಲಿ ಸತ್ತೇಹೋಯಿತು. ನಿಮ್ಮ ಮೇಜಿನ ಮೇಲೆ ಬರುವ ಎಷ್ಟೋ ಅರ್ಜಿಗಳ ನಡುವೆ ಈ ಕಥೆಗೂ ಸ್ವಲ್ಪ ಜಾಗ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿಯ ಹೆಸರು ನೀವು ಕೇಳಿರಬಹುದು. ಇವತ್ತಿಗೂ ಗಂಡಸರ ಐಸ್ ಹಾಕಿಯ ದೊಡ್ಡ ಕಪ್ ಅವರ ಹೆಸರಲ್ಲೇ ಇದೆ. ಅವರ ಮಗಳು ಇಸೊಬೆಲ್ ಸ್ಟಾನ್ಲಿ. ಒಟ್ಟಾವಾದಲ್ಲಿ ಅವರ ಸರ್ಕಾರಿ ನಿವಾಸದ ಅಂಗಳದಲ್ಲೇ ಐಸ್ ರಿಂಕ್ ಇತ್ತು. 1889ರಲ್ಲಿ ಅಲ್ಲಿ ಹೆಂಗಸರ ಎರಡು ತಂಡಗಳು ಆಡಿದವು. 1890ರ ಸುಮಾರಿನ ಒಂದು ಫೋಟೊ ಉಳಿದಿದೆ. ಪಾದದವರೆಗೆ ಇಳಿಯುವ ಬಿಳಿ ಉಡುಪು, ಕೈಯಲ್ಲಿ ಸ್ಟಿಕ್, ಆಡುತ್ತಿರುವ ಇಸೊಬೆಲ್. ಆಗಿನ ಹೆಂಗಸರೆಲ್ಲ ಉದ್ದ ಲಂಗದಲ್ಲೇ ಸ್ಕೇಟ್ ಮಾಡುತ್ತಿದ್ದರು. ಗೋಲಿನ ಮುಂದೆ ಲಂಗ ಹರಡಿ ಕೂತು ಪಕ್ ತಡೆಯುತ್ತಿದ್ದರಂತೆ!

ನಮ್ಮ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. ಅಂದರೆ ಇಸೊಬೆಲ್ ಸ್ಟಿಕ್ ಹಿಡಿಯುವ ಹೊತ್ತಿಗೆ ನಮ್ಮೂರಿನ ಹುಡುಗಿಯರು ಸ್ಲೇಟು ಹಿಡಿದು ಎಂಟು ವರ್ಷ ಆಗಿತ್ತು. ಹೆಣ್ಣುಮಕ್ಕಳಿಗೆ ಬಾಗಿಲು ತೆಗೆಯುವ ಕೆಲಸದಲ್ಲಿ ಮೈಸೂರು ಯಾರಿಗೂ ಹಿಂದಿರಲಿಲ್ಲ. ಆ ಹೆಮ್ಮೆ ಇಟ್ಟುಕೊಂಡೇ ನಿಮಗೆ ಬರೆಯುತ್ತಿದ್ದೇನೆ.

ಇಸೊಬೆಲ್‌ಗೆ ಅಪ್ಪನ ಮನೆಯಂಗಳದಲ್ಲೇ ರಿಂಕ್ ಇತ್ತು. ಉಳಿದವರಿಗೆ ಇರಲಿಲ್ಲ. ಹಾಗಾಗಿ ನನಗೆ ಜಾಸ್ತಿ ಹತ್ತಿರ ಅನ್ನಿಸುವುದು ಪ್ರೆಸ್ಟನ್ ಎಂಬ ಸಣ್ಣ ಊರಿನ ಹುಡುಗಿಯರ ಕಥೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆ ಊರು. ಅವರು ಬೇಸಿಗೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದವರು. ಚಳಿಗಾಲದಲ್ಲಿ ಸುಮ್ನೆ ಕೂರುವುದೇಕೆ ಅಂತ ಐಸ್ ಹಾಕಿ ತಂಡ ಕಟ್ಟಿದರು. 1931ರಿಂದ ಆಡತೊಡಗಿದ ಆ ತಂಡದ ಹೆಸರು ಪ್ರೆಸ್ಟನ್ ರಿವ್ಯುಲೆಟ್ಸ್. ಹಿಲ್ಡಾ ರಾನ್ಸ್‌ಕೋಂಬ್ ಅವರ ಮುಖ್ಯ ಆಟಗಾರ್ತಿ. ಆಕೆಯ ಸೋದರಿ ನೆಲ್ಲಿ ಗೋಲಿ. ಹತ್ತು ವರ್ಷ ಪ್ರಾಂತ್ಯದ ಚಾಂಪಿಯನ್ ಪಟ್ಟ ಅವರದ್ದೇ. ಸೋತ ಪಂದ್ಯಗಳನ್ನು ಬೆರಳಲ್ಲಿ ಎಣಿಸಬಹುದು. ಅದು ಕೂಡ ಎಂಥಾ ಕಾಲ! ಜಗತ್ತಿನಲ್ಲೆಲ್ಲ ಕೆಲಸ ಇಲ್ಲ, ದುಡ್ಡಿಲ್ಲ ಅಂತ ಜನ ಒದ್ದಾಡುತ್ತಿದ್ದ ಮೂವತ್ತರ ದಶಕ.

ಆಮೇಲೆ ಎರಡನೇ ಮಹಾಯುದ್ಧ ಬಂತು. 1940ಕ್ಕೆ ತಂಡ ಮುಗಿಯಿತು. ಯುದ್ಧ ಮುಗಿದ ಮೇಲೆ ಗಂಡಸರ ಹಾಕಿ ಮತ್ತೆ ಎದ್ದು ನಿಂತಿತು, ಹೆಂಗಸರದ್ದು ಏಳಲಿಲ್ಲ. ಹದಿನೈದು ವರ್ಷದೊಳಗೆ ಅಲ್ಲಿನ ಜನಕ್ಕೆ ಹೆಂಗಸರು ಹಾಕಿ ಆಡುತ್ತಿದ್ದರು ಅನ್ನುವುದೇ ಹೆಚ್ಚುಕಡಿಮೆ ಮರೆತುಹೋಗಿತ್ತು. ಹತ್ತು ವರ್ಷ ಗೆದ್ದ ತಂಡ ಬಿಟ್ಟುಹೋದದ್ದು ಗೆದ್ದ ಕಪ್‌ಗಳನ್ನು ಮಾತ್ರ. ಅವರ ಹಿಂದೆ ಕಿರಿಯರ ತಂಡ ಇರಲಿಲ್ಲ. ಹುಡುಗಿಯರ ಲೀಗ್ ಇರಲಿಲ್ಲ. ರಿಂಕ್‌ನ ಪುಸ್ತಕದಲ್ಲಿ ಹುಡುಗಿಯರ ಹೊತ್ತು ಅಂತ ಒಂದು ಸಾಲು ಇರಲಿಲ್ಲ. ನಾನು ಗಟ್ಟಿಯಾಗಿ ಕೇಳುತ್ತಿರುವುದು ಇದನ್ನು ನೋಡಿಯೇ. ಒಂದು ಒಳ್ಳೆಯ ತಂಡ ಆಗಿಬಿಟ್ಟರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲೂ ಇದೆ. ಆಗುವುದಿಲ್ಲ.

ಇನ್ನೊಂದು ಹುಡುಗಿಯ ಬಗ್ಗೆ ಹೇಳಲೇಬೇಕು. ಆಬಿ ಹಾಫ್‌ಮನ್. ಊರು ಟೊರಾಂಟೊ. ಅಣ್ಣಂದಿರ ಜೊತೆ ಆಡಿ ಬೆಳೆದವಳು. 1955ರಲ್ಲಿ, ಎಂಟು ವರ್ಷದವಳಿದ್ದಾಗ, ಊರಿನ ಮಕ್ಕಳ ಲೀಗ್‌ಗೆ ಸೇರಿಕೊಂಡಳು. ಅದು ಹುಡುಗರ ಲೀಗ್. ಹುಡುಗಿಯರಿಗೆ ಬೇರೆ ಲೀಗ್ ಇರಲೇ ಇಲ್ಲ. ತಲೆಗೂದಲು ಗಿಡ್ಡ, ಪಟ್ಟಿಯಲ್ಲಿ ಹೆಸರು "ಆಬ್" ಅಂತ. ಯಾರಿಗೂ ಅನುಮಾನ ಬರಲಿಲ್ಲ. ಡಿಫೆನ್ಸ್‌ನಲ್ಲಿ ಎಷ್ಟು ಚೆನ್ನಾಗಿ ಆಡಿದಳೆಂದರೆ ಆ ಸೀಸನ್‌ನ ಒಳ್ಳೆಯ ಆಟಗಾರರ ತಂಡಕ್ಕೆ ಆಯ್ಕೆಯಾದಳು. ಟೂರ್ನಿಗೆ ಜನನ ಪ್ರಮಾಣಪತ್ರ ತೋರಿಸಬೇಕಿತ್ತು. ಆಗ ಗೊತ್ತಾಯಿತು, ಇದು ಹುಡುಗಿ ಅಂತ.

ಪೇಪರ್‌ಗಳಲ್ಲಿ ದೊಡ್ಡ ಸುದ್ದಿ. ಮೆಚ್ಚಿದವರೂ ಬಹಳ ಜನ. ಆದರೆ ಮುಂದಿನ ವರ್ಷಗಳಲ್ಲಿ ಹುಡುಗರ ಜೊತೆ ಆಡುವ ದಾರಿ ಮುಚ್ಚಿತು. ಆ ಗಲಾಟೆಯ ನಂತರ ಊರಿನಲ್ಲಿ ಹುಡುಗಿಯರಿಗೆ ಅಂತ ಒಂದು ಲೀಗ್ ಶುರು ಮಾಡಿದರು. ಕರೆದದ್ದೇ ತಡ, ಹುಡುಗಿಯರು ಬಂದರು. ಅದಕ್ಕೂ ಹಿಂದಿನ ವರ್ಷ ಅವರೆಲ್ಲ ಎಲ್ಲಿದ್ದರು? ಅದೇ ಊರಲ್ಲೇ ಇದ್ದರು. ಯಾರೂ ಕರೆದಿರಲಿಲ್ಲ, ಅಷ್ಟೇ.

"ಹುಡುಗಿಯರು ಬರೋದೇ ಇಲ್ಲ ಮೇಡಂ, ಬಂದ್ರೆ ಕೊಡ್ತೀವಿ" ಅನ್ನುವ ಮಾತನ್ನು ನಾನು ನನ್ನ ಕೆಲಸದಲ್ಲಿ ಬಹಳ ಸಲ ಕೇಳಿದ್ದೇನೆ. ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಅವರು ನೋಡಿದ್ದನ್ನೇ ಹೇಳುತ್ತಾರೆ. ಸಂಜೆ ರಿಂಕ್‌ಗೆ ಹೋದರೆ ಅಲ್ಲಿ ಇಪ್ಪತ್ತು ಹುಡುಗರು ವೇಗವಾಗಿ ಸುತ್ತುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಇಬ್ಬರು ಹುಡುಗಿಯರು ಗೋಡೆ ಹಿಡಿದು ನಿಂತಿರುತ್ತಾರೆ. ಮುಂದಿನ ವಾರ ಅವರಲ್ಲಿ ಒಬ್ಬಳು ಬರುವುದಿಲ್ಲ. ಅದರ ಮುಂದಿನ ವಾರ ಇನ್ನೊಬ್ಬಳೂ ಬರುವುದಿಲ್ಲ. ಎಂಟು, ಒಂಬತ್ತು ವರ್ಷದವರೆಗೆ ಹುಡುಗಿಯರು ಹುಡುಗರ ಜೊತೆ ಸಲೀಸಾಗಿ ಆಡುತ್ತಾರೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಬಿಡುತ್ತಾರೆ. ಆಟ ಬೇಡವಾಗಿ ಬಿಡುವುದಿಲ್ಲ. ಹುಡುಗರ ಗುಂಪಿನಲ್ಲಿ ಒಬ್ಬಳೇ ಉಳಿದೆ ಅಂತ ಬಿಡುತ್ತಾರೆ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇಲ್ಲ ಅಂತ ಬಿಡುತ್ತಾರೆ. ಶೌಚಾಲಯಕ್ಕೆ ಬೀಗ ಹಾಕಿದೆ ಅಂತ ಬಿಡುತ್ತಾರೆ. ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಮಿಸ್, ಎಷ್ಟೊತ್ತಿಗೆ ಬಿಡ್ತೀರಾ?" ಅದಕ್ಕೆ ಖಚಿತ ಉತ್ತರ ಕೊಡಲು ಆಗದಿದ್ದರೆ ಆ ಮಗು ನಾಳೆಯಿಂದ ಇಲ್ಲ.

ಆಬಿ ಆಮೇಲೆ ಓಟಕ್ಕೆ ಹೋದಳು. 800 ಮೀಟರ್ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸ್‌ಗೆ ಹೋಗಿಬಂದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಕೆನಡಾದ ಬಾವುಟ ಹಿಡಿದು ನಡೆದವರು ಅವರೇ. 1982ರಲ್ಲಿ ಕೆನಡಾದ ಹೆಂಗಸರ ರಾಷ್ಟ್ರೀಯ ಹಾಕಿ ಟೂರ್ನಿಯ ಕಪ್‌ಗೆ ಅವರ ಹೆಸರಿಟ್ಟರು. ಆಡಲು ಬಿಡದ ಆಟದ ಕಪ್‌ಗೆ ಅದೇ ಹುಡುಗಿಯ ಹೆಸರು. ಇದನ್ನು ಓದಿದಾಗ ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಮೂವತ್ತು ವರ್ಷ ಕಳೆದರೂ ಅದೇ ಜಗಳ ಮುಗಿದಿರಲಿಲ್ಲ. ಜಸ್ಟೀನ್ ಬ್ಲೇನಿ ಎಂಬ ಹನ್ನೆರಡು ವರ್ಷದ ಹುಡುಗಿ 1985ರಲ್ಲಿ ಟೊರಾಂಟೊದ ಹುಡುಗರ ತಂಡಕ್ಕೆ ಆಯ್ಕೆಯಾದಳು. ನಿಯಮ ಒಪ್ಪಲಿಲ್ಲ. ಆಕೆ ಕೋರ್ಟಿಗೆ ಹೋಗಿ ಗೆದ್ದಳು. ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಒಂಟಾರಿಯೊದ ಹೆಂಗಸರ ಹಾಕಿ ಸಂಘವೇ ಆಕೆಯ ಪರ ನಿಲ್ಲಲಿಲ್ಲ. ಚೆನ್ನಾಗಿ ಆಡುವ ಹುಡುಗಿಯರೆಲ್ಲ ಹುಡುಗರ ತಂಡಕ್ಕೆ ಹೋದರೆ ಹುಡುಗಿಯರ ಲೀಗ್ ಉಳಿಯುವುದು ಹೇಗೆ ಅಂತ ಅವರ ಭಯ. ಕಷ್ಟಪಟ್ಟು ಕಟ್ಟಿದ ಸಂಘ ಅದು, 1975ರಲ್ಲಿ. ನನ್ನ ಮಟ್ಟಿಗೆ ಜಸ್ಟೀನ್ ಮಾಡಿದ್ದು ಸರಿ, ಸಂಘದವರ ಭಯವೂ ಸುಳ್ಳಲ್ಲ. ಒಬ್ಬಳು ಹುಡುಗಿ ಎಲ್ಲಿ ಬೇಕಾದರೂ ಆಡುವ ಹಕ್ಕು ಬೇಕು. ಜೊತೆಗೆ, ಎಲ್ಲರೂ ಹೋಗಬಹುದಾದ ಹುಡುಗಿಯರದೇ ಜಾಗವೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಬೇಡಿ.

ಅದೇ ಸಂಘದ ಫ್ರಾನ್ ರೈಡರ್ ಮತ್ತು ಜೊತೆಯವರು 1987ರಲ್ಲಿ ಬೇರೆ ಬೇರೆ ದೇಶಗಳ ಹೆಂಗಸರ ತಂಡಗಳನ್ನು ಕರೆಸಿ ಟೊರಾಂಟೊದಲ್ಲಿ ಒಂದು ಟೂರ್ನಿ ನಡೆಸಿದರು. ಅದು ಅಧಿಕೃತ ವಿಶ್ವಕಪ್ ಅಲ್ಲ. ಯಾರೂ ಮಾಡಿಕೊಡದಿದ್ದಾಗ ತಾವೇ ಮಾಡಿಕೊಂಡದ್ದು. ಮೂರು ವರ್ಷಕ್ಕೆ, 1990ರ ಮಾರ್ಚ್‌ನಲ್ಲಿ, ಒಟ್ಟಾವಾದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಎಂಟು ದೇಶ. ಕೆನಡಾದವರಿಗೆ ಗುಲಾಬಿ ಬಣ್ಣದ ಜೆರ್ಸಿ ತೊಡಿಸಿದ್ದರು, ಜನರ ಗಮನ ಸೆಳೆಯಲಿ ಅಂತ. ಆ ಬಣ್ಣ ನನಗೆ ಇಷ್ಟವಾಗಲಿಲ್ಲ. ಆಟಕ್ಕಿಂತ ಉಡುಪೇ ಸುದ್ದಿಯಾಗಬಾರದು. ಆದರೂ ಫೈನಲ್ ನೋಡಲು ಸುಮಾರು 9 ಸಾವಿರ ಜನ ಬಂದರು. ಕೆನಡಾ 5-2ರಿಂದ ಅಮೆರಿಕವನ್ನು ಸೋಲಿಸಿತು. ಬಂದವರು ಆಟವನ್ನೇ ನೋಡಿ ಹೋದರು.

ಆ ಟೂರ್ನಿಯಲ್ಲಿ ಐದು ಪಂದ್ಯಕ್ಕೆ 11 ಗೋಲು ಹೊಡೆದವರು ಏಂಜೆಲಾ ಜೇಮ್ಸ್. ಟೊರಾಂಟೊದ ಬಡವರ ವಸತಿ ಬಡಾವಣೆಯಲ್ಲಿ ಅಮ್ಮನ ಆಸರೆಯಲ್ಲಿ ಬೆಳೆದ ಕಪ್ಪು ಹುಡುಗಿ. ಆಕೆಯೂ ಚಿಕ್ಕಂದಿನಲ್ಲಿ ಹುಡುಗರ ಜೊತೆಗೇ ಆಡಿದವಳು. ಎಂಬತ್ತರ ದಶಕದಲ್ಲಿ ಈ ಆಟಕ್ಕೆ ಟೀವಿ ಇರಲಿಲ್ಲ, ಸಂಬಳ ಇರಲಿಲ್ಲ. ಆಗಿನ ಅತ್ಯುತ್ತಮ ಆಟಗಾರ್ತಿ ಅಂತ ಎಲ್ಲರೂ ಒಪ್ಪುತ್ತಿದ್ದ ಏಂಜೆಲಾರನ್ನು ಹೆಂಗಸರ ಹಾಕಿ ಮೊದಲ ಸಲ ಬಂದ 1998ರ ಒಲಿಂಪಿಕ್ಸ್‌ನ ತಂಡದಿಂದ ಕೈಬಿಟ್ಟರು. 2010ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಮೊದಲ ಬಾರಿ ಹೆಂಗಸರನ್ನು ಸೇರಿಸಿದಾಗ ಇಬ್ಬರ ಹೆಸರಿತ್ತು. ಅಮೆರಿಕದ ಕ್ಯಾಮಿ ಗ್ರಾನಾಟೊ, ಕೆನಡಾದ ಏಂಜೆಲಾ ಜೇಮ್ಸ್. ನಮ್ಮ ಶಾಲೆಯ ಹುಡುಗಿಯರಿಗೆ ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೇಳುವುದು ಏಂಜೆಲಾ ಕಥೆಯನ್ನೇ. ಬಾಡಿಗೆ ಮನೆ, ಒಬ್ಬಳೇ ಅಮ್ಮ, ಹಳೆಯ ಶೂ ಅಂದರೇನು ಅಂತ ಅವರಿಗೆ ಗೊತ್ತು. ಬಿಡಿಸಿ ಹೇಳಬೇಕಾಗಿಲ್ಲ.

1992ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಹೆಂಗಸರ ಐಸ್ ಹಾಕಿಯನ್ನು ಒಲಿಂಪಿಕ್ಸ್‌ಗೆ ಸೇರಿಸುವ ತೀರ್ಮಾನವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮನಾನ್ ರಿಯೋಮ್ ಎಂಬ ಗೋಲಿ ಉತ್ತರ ಅಮೆರಿಕದ ಗಂಡಸರ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಅಭ್ಯಾಸ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡದ ಪರ ಗೋಲು ಕಾದರು. ಪೇಪರ್‌ಗಳೆಲ್ಲ ಮನಾನ್ ಸುದ್ದಿಯನ್ನೇ ಬರೆದವು. ಆದರೆ ಊರೂರಿನಲ್ಲಿ ರಿಂಕ್‌ನ ಬಾಗಿಲು ತೆರೆದದ್ದು ಮೊದಲನೆಯ ಸುದ್ದಿಯಿಂದ. ಒಲಿಂಪಿಕ್ಸ್‌ನಲ್ಲಿದೆ ಅಂದ ಮೇಲೆ ಸರ್ಕಾರಗಳು ದುಡ್ಡು ಕೊಡಲೇಬೇಕಾಯಿತು, ಶಾಲೆ ಕಾಲೇಜುಗಳು ತಂಡ ಕಟ್ಟಲೇಬೇಕಾಯಿತು. 1998ರಲ್ಲಿ ಜಪಾನಿನ ನಾಗಾನೊದಲ್ಲಿ ಆರು ತಂಡ ಆಡಿದವು. ಫೈನಲ್‌ನಲ್ಲಿ ಅಮೆರಿಕ 3-1ರಿಂದ ಕೆನಡಾವನ್ನು ಸೋಲಿಸಿತು. ಅಮೆರಿಕದಲ್ಲಿ 1990ರ ಸುಮಾರಿಗೆ ಹೆಸರು ನೋಂದಾಯಿಸಿದ ಹುಡುಗಿಯರು, ಹೆಂಗಸರು ಎಲ್ಲ ಸೇರಿ ಆರು ಸಾವಿರ ಚಿಲ್ಲರೆ ಇದ್ದರು. ಈಗ ಆ ಸಂಖ್ಯೆ 90 ಸಾವಿರ ದಾಟಿದೆ.

ದುಡ್ಡಿನ ಕಥೆ ಬೇರೆ. 2017ರಲ್ಲಿ ಅಮೆರಿಕದ ಹೆಂಗಸರ ತಂಡದವರು, ಸರಿಯಾದ ಸಂಬಳ ಮತ್ತು ಸವಲತ್ತು ಕೊಡದಿದ್ದರೆ ನಮ್ಮ ನೆಲದಲ್ಲೇ ನಡೆಯುವ ವಿಶ್ವ ಚಾಂಪಿಯನ್‌ಷಿಪ್ ಆಡುವುದಿಲ್ಲ ಅಂತ ಹೇಳಿಬಿಟ್ಟರು. ಬದಲಿ ಆಟಗಾರ್ತಿಯರನ್ನು ಹುಡುಕಿದಾಗ ಕಾಲೇಜು ಹುಡುಗಿಯರೂ ಬರಲು ಒಪ್ಪಲಿಲ್ಲ. ಒಪ್ಪಂದ ಆಯಿತು, ಆಡಿದರು, ಗೆದ್ದರು. 2024ರ ಜನವರಿ 1ರಂದು ಹೆಂಗಸರ ವೃತ್ತಿಪರ ಲೀಗ್ ಟೊರಾಂಟೊದಲ್ಲಿ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಒಂದು ಪಂದ್ಯಕ್ಕೆ 21,105 ಜನ ಸೇರಿದ್ದರು. ಹೆಂಗಸರ ಹಾಕಿ ನೋಡಲು ಯಾರು ಬರುತ್ತಾರೆ ಅಂತ ಕೇಳುತ್ತಿದ್ದವರಿಗೆ ಇದಕ್ಕಿಂತ ಉತ್ತರ ಬೇಕಾ?

ಇದೆಲ್ಲ ಶ್ರೀಮಂತ ದೇಶದ ಮಾತು ಅಂತ ನಿಮಗೆ ಅನ್ನಿಸಿದರೆ, ನಮ್ಮ ಲಡಾಖ್ ನೋಡಿ. ಲೇಹ್ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಕೊಳಗಳು ಹೆಪ್ಪುಗಟ್ಟುತ್ತವೆ. ಆಡಲು ಸಿಗುವುದು ಹೆಚ್ಚೆಂದರೆ ಎರಡು ತಿಂಗಳು. ಅಲ್ಲಿನ ಹುಡುಗಿಯರು ಅಣ್ಣಂದಿರ ಹಳೆಯ ಸ್ಕೇಟ್ ಕಟ್ಟಿಕೊಂಡು, ಎರವಲು ಸ್ಟಿಕ್ ಹಿಡಿದು ಕಲಿತವರು. ಗಂಡಸರ ತಂಡಗಳು ಆಡಿ ಮುಗಿಸಿದ ಮೇಲೆ ಉಳಿಯುವ ಹೊತ್ತು ಅವರ ಪಾಲಿಗೆ. 2016ರಲ್ಲಿ ಭಾರತದ ಹೆಂಗಸರ ತಂಡ ಮೊದಲ ಸಲ ಅಂತರರಾಷ್ಟ್ರೀಯ ಟೂರ್ನಿಗೆ ತೈಪೆಗೆ ಹೋಯಿತು. ಹೆಚ್ಚಿನವರೆಲ್ಲ ಲಡಾಖಿನವರೇ. ದೊಡ್ಡ ಅಂತರದಲ್ಲಿ ಸೋತರು. ಗೋಲಿನಲ್ಲಿ ನಿಂತಿದ್ದ ನೂರ್ ಜಹಾನ್ ಮೇಲೆ ಪಕ್‌ಗಳ ಮಳೆ. ಹೊರದೇಶಕ್ಕೆ ಹೋಗಿ ಆಡಲು ಜನರಿಂದ ಚಂದಾ ಎತ್ತಬೇಕಾಯಿತು. ಆದರೂ ಮರುವರ್ಷ ಬ್ಯಾಂಕಾಕ್‌ಗೆ ಹೋದರು. ಫಿಲಿಪ್ಪೀನ್ಸ್ ವಿರುದ್ಧ 4-3. ಭಾರತದ ಹೆಂಗಸರ ಮೊದಲ ಗೆಲುವು ಅದು.

ಈ ತಂಡದ ಸುದ್ದಿ ಕೇಳಿ ಕೆನಡಾದ ಆಟಗಾರ್ತಿ ಹೇಲಿ ವಿಕೆನ್‌ಹೈಸರ್ 2018ರ ಜನವರಿಯಲ್ಲಿ ಲಡಾಖಿಗೆ ಬಂದರು. ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದವರು ಅವರು. 2003ರಲ್ಲಿ ಫಿನ್‌ಲೆಂಡಿನ ಗಂಡಸರ ವೃತ್ತಿಪರ ಲೀಗ್‌ನಲ್ಲಿ ಗೋಲು ಹೊಡೆದು, ಹಾಗೆ ಮಾಡಿದ ಮೊದಲ ಹೆಂಗಸು ಅನ್ನಿಸಿಕೊಂಡವರು. ಲೇಹ್‌ನ ಹುಡುಗಿಯರಿಗೆ ಕಲಿಸಿ ಹೋದರು. ಅದೇ ವರ್ಷ ಕೊನೆಗೆ ಅಲ್ಲಿನ ತಂಡವನ್ನು ಕೆನಡಾದ ಕ್ಯಾಲ್ಗರಿಗೆ ಕರೆಸಿಕೊಂಡರು. ಆಮೇಲೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಹೆಂಗಸರ ಐಸ್ ಹಾಕಿಗೂ ಜಾಗ ಬಂತು. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಹೆಂಗಸರು ಕಂಚು ಗೆದ್ದರು. ಬ್ಯಾಂಕಾಕ್‌ನ ಮೊದಲ ಗೆಲುವಿನಿಂದ ಕಂಚಿನವರೆಗೆ ಎಂಟು ವರ್ಷ. ವರ್ಷಕ್ಕೆ ಎರಡು ತಿಂಗಳು ಐಸ್ ಸಿಗುವ ಹುಡುಗಿಯರು ಇಷ್ಟು ಮಾಡಿದರು. ನಮಗೆ ಸಿಮೆಂಟ್ ರಿಂಕ್ ವರ್ಷದಲ್ಲಿ ಮಳೆ ದಿನಗಳನ್ನು ಬಿಟ್ಟರೆ ಎಲ್ಲ ದಿನವೂ ಇದೆ.

ಚಳಿಗಾಲದ ಆಟಕ್ಕೂ ನಮ್ಮ ಸೀಮೆಗೂ ಏನು ಸಂಬಂಧ ಅನ್ನುವವರು ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಬಹುದು. ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ಖೇಲೋ ಇಂಡಿಯಾ ಕೂಟದಲ್ಲಿ ಸ್ಕೀಯಿಂಗ್ ಚಿನ್ನ ತಂದವರು. ಕ್ರಿಕೆಟ್‌ಗೆ ಬಂದರೆ ನಮ್ಮ ಮೈಸೂರಿನ ಶುಭಾ ಸತೀಶ್. 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಎದುರು ಮೊದಲ ಟೆಸ್ಟ್‌ನಲ್ಲೇ 69 ರನ್ ಹೊಡೆದರು. ನೆಲದಲ್ಲಿ ಕಸುವಿದೆ. ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ.

ದಸರಾ ಸಮಿತಿಯವರಿಗೆ ನಾನು ವಿಶೇಷವಾಗಿ ಹೇಳುವುದು ಒಂದಿದೆ. ಗರಡಿ ಅಂದರೆ ಗಂಡಸರದ್ದು ಅಂತಲೇ ನಮ್ಮಲ್ಲಿ ಇತ್ತು. ನಮ್ಮಜ್ಜಿ ಬದುಕಿದ್ದಾಗ "ಹೆಣ್ಣೈಕ್ಳು ಅಖಾಡ್ಕೆ ಇಳಿಯದಾ ಕಣವ್ವ?" ಅಂತ ಕೇಳುತ್ತಿದ್ದರೇನೋ. ಈಗ ದೊಡ್ಡಕೆರೆ ಮೈದಾನದ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಸೆಣಸುತ್ತಾರೆ. ದಸರಾ ಕೇಸರಿ ಜೊತೆಗೆ ದಸರಾ ಕಿಶೋರಿ ಪ್ರಶಸ್ತಿಯೂ ಇದೆ. ಹಳ್ಳಿಯಿಂದ ಬಂದ ಹಿರಿಯರು ಸೀಟಿ ಹೊಡೆದು ನೋಡುವುದನ್ನು ನಾನು ಕಂಡಿದ್ದೇನೆ. ಆ ಬದಲಾವಣೆ ತಾನಾಗಿ ಆಗಲಿಲ್ಲ. ಯಾರೋ ಒಬ್ಬರು ವೇಳಾಪಟ್ಟಿಯಲ್ಲಿ ಹೆಣ್ಣುಮಕ್ಕಳ ಜೋಡಿಗೂ ಒಂದು ಸಾಲು ಬರೆದರು. ಪ್ರಶಸ್ತಿಗೆ ಹೆಸರಿಟ್ಟರು. ಮುಂದಿನ ವರ್ಷ ಆ ಸಾಲನ್ನು ಅಳಿಸಲಿಲ್ಲ. ಸ್ಕೇಟ್ ಮೇಲಿನ ಹಾಕಿಗೂ ಅಷ್ಟೇ ಮಾಡಿ ಅಂತ ಕೇಳುತ್ತಿದ್ದೇನೆ. ಮೊದಲ ವರ್ಷ ಒಂದು ಪ್ರದರ್ಶನ ಪಂದ್ಯ ಸಾಕು, ಮೈಸೂರು ಹುಡುಗಿಯರು ಮತ್ತು ಮಂಡ್ಯ ಹುಡುಗಿಯರು. ಎದುರಾಳಿ ಅಂತ ಒಂದು ತಂಡ ಇದ್ದರೆ ಮಕ್ಕಳು ಅಭ್ಯಾಸಕ್ಕೆ ತಪ್ಪಿಸುವುದಿಲ್ಲ. ನಮ್ಮ ಎರಡು ಜಿಲ್ಲೆಯ ನಡುವಿನ ಪೈಪೋಟಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಖರ್ಚಿನ ಮಾತಿಗೆ ಬರುತ್ತೇನೆ. ನಾವು ಐಸ್ ರಿಂಕ್ ಕೇಳುತ್ತಿಲ್ಲ. ದೇಶದಲ್ಲೇ ಅಂಥವು ಕೆಲವೇ ಕೆಲವು ಇವೆ, ನಡೆಸುವುದೂ ದುಬಾರಿ. ಇರುವ ರಿಂಕ್‌ನಲ್ಲಿ ಹೊತ್ತು ಕೇಳುತ್ತಿದ್ದೇವೆ. ಸಾಮಾನಿಗೆ ಮಾತ್ರ ಖರ್ಚಿದೆ. ಇನ್‌ಲೈನ್ ಸ್ಕೇಟ್, ಹೆಲ್ಮೆಟ್, ಮೊಣಕಾಲು ಮೊಣಕೈ ಗಾರ್ಡ್, ಗೋಲಿಯ ಪ್ಯಾಡ್, ಇವನ್ನೆಲ್ಲ ಒಬ್ಬೊಬ್ಬ ತಂದೆತಾಯಿಯೂ ಕೊಳ್ಳಲು ಆಗುವುದಿಲ್ಲ. ಆದರೆ ಮಕ್ಕಳ ಕಾಲು ಬೇಗ ಬೆಳೆಯುತ್ತದೆ. ಒಬ್ಬಳಿಗೆ ಬಿಗಿಯಾದ ಸ್ಕೇಟ್ ಇನ್ನೊಬ್ಬಳಿಗೆ ಸರಿಹೋಗುತ್ತದೆ. ರಿಂಕ್‌ನಲ್ಲೇ ಒಂದು ಕಬ್ಬಿಣದ ಬೀರು ಇಟ್ಟು, ಅಳತೆವಾರು ಸಾಮಾನು ಜೋಡಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿ ಕೊಟ್ಟರೆ ಎರಡು ತಂಡಕ್ಕಾಗುವಷ್ಟು ಸಾಮಾನಿನಲ್ಲಿ ಬಹಳ ಮಕ್ಕಳು ಕಲಿಯಬಹುದು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಹೆಲ್ಮೆಟ್ ಒಂದು ಮಾತ್ರ ಹೊಸದಿರಲಿ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟೇ ಬೇಕು. 1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಗೋಲಿ ಎಲಿಜಬೆತ್ ಗ್ರಹಾಂ ಹಲ್ಲು ಉಳಿಸಿಕೊಳ್ಳಲು ಕತ್ತಿವರಸೆಯ ಮುಖವಾಡ ಹಾಕಿಕೊಂಡು ಆಡಿದ್ದರು. ಗಂಡಸರ ಗೋಲಿಗಳು ಮುಖಕ್ಕೆ ಮುಖವಾಡ ಹಾಕುವುದು ರೂಢಿಯಾಗಿದ್ದು ಎಷ್ಟೋ ವರ್ಷದ ನಂತರ. ಹೆಣ್ಣುಮಕ್ಕಳ ಬುದ್ಧಿ ಮೊದಲು ಓಡಿದ ಜಾಗ ಅದು ಅಂತ ನಾನು ಹುಡುಗಿಯರಿಗೆ ಹೇಳುತ್ತಿರುತ್ತೇನೆ.

ಬರುವುದು ಹೋಗುವುದು ಮೊದಲು ದೊಡ್ಡ ತೊಡಕಾಗಿತ್ತು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಂಜನಗೂಡು, ಶ್ರೀರಂಗಪಟ್ಟಣದಿಂದ ಹುಡುಗಿಯರು ಟಿಕೆಟ್ ದುಡ್ಡಿಲ್ಲದೆ ಬರಬಹುದು. ತೊಡಕು ಉಳಿದಿರುವುದು ಹೊತ್ತಿನದ್ದು. ಶಾಲೆ ಬಿಟ್ಟು ಅಲ್ಲಿಂದ ಬಸ್ಸು ಹತ್ತಿ ಬರುವಷ್ಟರಲ್ಲಿ ಐದು. ಆರೂವರೆಗೆ ಬಿಟ್ಟರೆ ಮನೆ ಸೇರಬಹುದು. ಎಂಟು ಗಂಟೆಯ ಸ್ಲಾಟ್ ಖಾಲಿ ಇದೆ, ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಅದು ಕೊಟ್ಟಂತಲ್ಲ. ಲೈಟು ಇರಲಿ, ಶೌಚಾಲಯದ ಬೀಗ ತೆಗೆದಿರಲಿ, ಕುಡಿಯುವ ನೀರಿರಲಿ, ಆ ಹೊತ್ತಿಗೆ ಅಲ್ಲಿ ಒಬ್ಬ ಹೆಣ್ಣುಮಗಳು ಉಸ್ತುವಾರಿಗಿರಲಿ. ಕೋಚ್ ಆಗಿ ಹಳೆಯ ಆಟಗಾರ್ತಿಯರನ್ನೇ ಕರೆಯಿರಿ. ಟರ್ಫ್‌ನಲ್ಲಿ ಹಾಕಿ ಆಡಿ, ಮದುವೆಯಾಗಿ, ಮಕ್ಕಳಾಗಿ, ಈಗ ಬ್ಯಾಂಕು ಅಂಗಡಿಗಳಲ್ಲಿ ಕೂತಿರುವ ಹೆಂಗಸರು ಈ ಊರಲ್ಲಿ ಇದ್ದಾರೆ. ಸ್ಟಿಕ್ ಹಿಡಿದ ಕೈ ಅದನ್ನು ಮರೆಯುವುದಿಲ್ಲ. ಸ್ಕೇಟಿಂಗ್ ಕಲಿಸುವವರು ಬೇರೆ, ಹಾಕಿ ಕಲಿಸುವವರು ಬೇರೆ ಆದರೂ ಪರವಾಗಿಲ್ಲ. ಶುರುವಿಗೆ ಅಷ್ಟು ಸಾಕು.

ಒಂದು ವರ್ಷ ಕೊಟ್ಟು ನೋಡಿ ಅಂತ ನಾನು ಕೇಳುವುದಿಲ್ಲ, ಮೂರು ವರ್ಷ ಕೊಡಿ. ಮೊದಲ ವರ್ಷ ಹತ್ತು ಮಂದಿಯೂ ಬರದಿರಬಹುದು. ಹಾಗಾದ ತಿಂಗಳು ಆ ಹೊತ್ತನ್ನು ಬೇರೆಯವರಿಗೆ ಕೊಡಬೇಡಿ. ಖಾಲಿ ಇದ್ದರೂ ಹುಡುಗಿಯರ ಹೆಸರಲ್ಲೇ ಇರಲಿ.

ನಮ್ಮ ಕಡೆಯಿಂದ ಏನು ಮಾಡುತ್ತೇವೆ ಅನ್ನುವುದನ್ನೂ ಹೇಳಬೇಕಲ್ಲ. ಎರಡೂ ಜಿಲ್ಲೆಯ ಕೆಲವು ದೈಹಿಕ ಶಿಕ್ಷಕಿಯರು ಸರದಿ ಮೇಲೆ ರಿಂಕ್‌ನಲ್ಲಿ ನಿಲ್ಲಲು ಒಪ್ಪಿದ್ದೇವೆ. ಹಾಜರಿ ಪುಸ್ತಕ ನಾವೇ ಬರೆಯುತ್ತೇವೆ, ಪ್ರತಿ ತಿಂಗಳು ನಿಮ್ಮ ಕಚೇರಿಗೆ ತಲುಪಿಸುತ್ತೇವೆ. ಪೋಷಕರ ಒಪ್ಪಿಗೆ ಪತ್ರ ಮಾಡಿಸುತ್ತೇವೆ. ಮಕ್ಕಳನ್ನು ಬಸ್ಸು ಹತ್ತಿಸಿಯೇ ನಾವು ಮನೆಗೆ ಹೋಗುತ್ತೇವೆ. ಅರ್ಜಿ ಯಾವ ನಮೂನೆಯಲ್ಲಿ ಬೇಕು, ಯಾವ ಮೇಜಿಗೆ ಕೊಡಬೇಕು ಅಂತ ತಿಳಿಸಿದರೆ ಶಾಲೆಗಳ ಸೀಲು ಸಹಿ ಸಮೇತ ತಂದುಕೊಡುತ್ತೇವೆ. ದಸರಾ ಕ್ರೀಡಾಕೂಟದ ಪೂರ್ವಭಾವಿ ಸಭೆಗೆ ಕರೆದರೆ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಬರುತ್ತೇನೆ. ಯಾವ ಸಂಜೆ, ಎಷ್ಟು ಹೊತ್ತು ಬೇಕು ಅಂತ ಅವರೇ ನಿಮಗೆ ಹೇಳಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ
ಮೈಸೂರು